ಕಾಫಿ ಜೊತೆ ನುಂಗಿದ ಕ್ಯಾಪ್ಸೂಲ್

ಒಂದೇ ಮಳೆಗಾಲದಲ್ಲಿ ಆ ಅಜ್ಜಿ ನಮ್ಮಲ್ಲಿ ಮೂರನೇ ಸಲ ಅಡ್ಮಿಟ್ ಆಗಿದ್ದರು. ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆ. ಮಳೆ ಹಿಡಿಯಿತೆಂದರೆ ವಾರ್ಡಿನಲ್ಲಿ ಅರ್ಧ ಮಂದಿ ದಮ್ಮಿನವರೇ. ನೆಬ್ಯುಲೈಸರ್ ಹಾಕುವುದು, ಇಂಜೆಕ್ಷನ್ ಕೊಡುವುದು, ನಾಲ್ಕು ದಿನಕ್ಕೆ ಮನೆಗೆ ಕಳಿಸುವುದು. ಹದಿನೈದು ದಿನಕ್ಕೆ ಮತ್ತೆ ಅದೇ ಮುಖ. ನಾನೂ ಎರಡು ವರ್ಷ ಇದನ್ನೇ ಮಾಡಿದೆ.

"ಔಷಧಿ ಸರಿಯಾಗಿ ತಗೋತಿದ್ದೀರಾ ಅಜ್ಜಿ?"

"ಒಂದು ದಿನಾನೂ ತಪ್ಪಿಸಿಲ್ಲ ಮಾರಾಯ್ರೇ."

ಯಾಕೋ ಅವತ್ತು, ಹೇಗೆ ತಗೋತೀರಿ ತೋರಿಸಿ ಅಂದೆ. ಚೀಲದಿಂದ ಡಬ್ಬಿ ತೆಗೆದರು. ಪಂಪಿಗೆ ಹಾಕಿ ಉಸಿರಲ್ಲಿ ಎಳೆದುಕೊಳ್ಳಬೇಕಾದ ಪುಡಿಯ ಕ್ಯಾಪ್ಸೂಲ್ ಅದು. ನಾಲಿಗೆ ಮೇಲಿಟ್ಟು, ಪಕ್ಕದಲ್ಲಿದ್ದ ಕಾಫಿ ಜೊತೆ ಗುಳುಂ. ಪಂಪು ಎಲ್ಲಿ ಅಂದರೆ, ಮೊಮ್ಮಗ ಆಡಿ ಹಾಳು ಮಾಡ್ತಾನೆ ಅಂತ ಮನೆಯಲ್ಲಿ ಎತ್ತಿಟ್ಟಿದ್ದಾರಂತೆ. ಚೀಟಿಯಲ್ಲಿ 1-0-1 ಅಂತ ಬರೆದದ್ದು ನಾನೇ. ಬಿಪಿ ಗುಳಿಗೆಗೂ ಹಾಗೇ ಬರೆದಿದ್ದೆ. ಅಜ್ಜಿಯದೇನು ತಪ್ಪು?

ಆ ಸಂಜೆ ವಾರ್ಡಿನ ಎಲ್ಲ ದಮ್ಮಿನವರಿಗೂ "ತೋರಿಸಿ" ಅಂದೆ. ಒಬ್ಬರು ಪಂಪನ್ನು ಸೆಂಟು ಹೊಡೆದ ಹಾಗೆ ಬಾಯಿಗೆ ಹೊಡೆದುಕೊಂಡರು, ಉಸಿರು ಎಳೆಯಲೇ ಇಲ್ಲ. ಇನ್ನೊಬ್ಬರು ಮುಚ್ಚಳ ತೆಗೆಯದೆ ಒತ್ತಿದರು. ಸರಿಯಾಗಿ ಮಾಡಿದವರು ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ.

ಅಲ್ಲಿಂದ ಒಂದು ನಿಯಮ ಮಾಡಿದೆವು. ಸಿಸ್ಟರ್ ಮುಂದೆ ತಾವೇ ಮಾಡಿ ತೋರಿಸದೆ ಯಾರಿಗೂ ಡಿಸ್ಚಾರ್ಜ್ ಇಲ್ಲ. ಒತ್ತುವುದು, ಎಳೆಯುವುದು ಎರಡೂ ಒಟ್ಟಿಗೆ ಬಾರದವರಿಗೆ ಸ್ಪೇಸರ್ ಬೇಕು, ಅಂದರೆ ಪಂಪಿಗೂ ಬಾಯಿಗೂ ನಡುವೆ ಔಷಧಿ ಹಿಡಿದಿಡುವ ಒಂದು ಕೊಳವೆ. ನಮ್ಮಲ್ಲಿ ಸ್ಟಾಕ್ ಇರಲಿಲ್ಲ. ಅರ್ಧ ಲೀಟರ್ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ ಕೊಟ್ಟೆವು. ಇದೇನು ನಮ್ಮ ತಲೆಯಿಂದ ಬಂದದ್ದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಆಸ್ತಮಾ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ, ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು 1999ರಲ್ಲೇ ಪ್ರಕಟಿಸಿದ್ದರು.

ಆಕ್ಸಿಜನ್ ವಿಷಯದಲ್ಲೂ ನಮ್ಮ ಕೈ ಉದಾರ. ಏದುಸಿರು ಕಂಡ ಕೂಡಲೇ ಫುಲ್ ತಿರುಗಿಸುವುದು. ಸಿಒಪಿಡಿ, ಅಂದರೆ ಹೆಚ್ಚಾಗಿ ಹೊಗೆಯಿಂದ ಶ್ವಾಸನಾಳ ಕಿರಿದಾಗಿ ಬರುವ ದೀರ್ಘಕಾಲದ ದಮ್ಮು ಇರುವವರಿಗೆ ಹೀಗೆ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹಿಡಿಯಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿರಬೇಕು ಅನ್ನುವುದನ್ನು "ಸಿಒಪಿಡಿಗೆ 88ರಿಂದ 92" ಅಂತ ರಟ್ಟಿನ ಮೇಲೆ ಬರೆದು ಪ್ರತಿ ಸಿಲಿಂಡರಿಗೂ ಕಟ್ಟಿದೆ. 98 ತೋರಿಸದಿದ್ದರೆ ಸಂಬಂಧಿಕರು ಗಾಬರಿ ಬೀಳ್ತಾರೆ. ಅವರನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ಊದಿಸಿ ಉಸಿರಿನ ಗಾಳಿ ಅಳೆಯುವ ಸ್ಪೈರೋಮೀಟರ್ ಬೀರುವಿನಲ್ಲೇ ಇತ್ತು. ಒಂದು ಸಲ ಊದಿಸಿ, ಪಂಪ್ ಕೊಟ್ಟು, 15 ನಿಮಿಷ ಕಾದು ಮತ್ತೆ ಊದಿಸಬೇಕು. ಆಗಲೂ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ 70 ಶೇಕಡಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ. ಓಪಿಡಿ ದಿನ ಇದೆಲ್ಲಿ ಸಾಧ್ಯ? ಗುರುವಾರ ಮಧ್ಯಾಹ್ನ ಅದಕ್ಕೇ ಬಿಟ್ಟೆವು. ವರ್ಷಗಟ್ಟಲೆ ಸಿಒಪಿಡಿ ಅಂತ ಔಷಧಿ ತಿಂದ ಇಬ್ಬರಿಗೆ ಇದ್ದದ್ದು ಹೃದಯದ ತೊಂದರೆ.

ಕೊನೆಯದು ಒಂದು ಉದ್ದ ನೋಟ್‌ಬುಕ್. ಬಿಪಿ, ಶುಗರಿನವರಿಗೆ ಪುಸ್ತಕ ಇತ್ತು, ದಮ್ಮಿನವರಿಗೆ ಇರಲಿಲ್ಲ. ಹೆಸರು, ಊರು, ಫೋನು, ಆಶಾ ಕಾರ್ಯಕರ್ತೆ ಯಾರು, ಇಷ್ಟೇ. ಮನೆಗೆ ಹೋದ ಏಳನೇ ದಿನ ಸಿಸ್ಟರ್ ಫೋನ್ ಮಾಡ್ತಾರೆ. ಮೊದಲು ವಾಟ್ಸಾಪ್ ಗುಂಪು ಮಾಡಿದ್ದೆ, ಅದರಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬಿಟ್ಟರೆ ಬೇರೇನೂ ಬರಲಿಲ್ಲ. ಆಶಾ ಅಕ್ಕಂದಿರಿಗೆ ಮೊದಲೇ ಕೆಲಸದ ಹೊರೆ. ಹಾಗಾಗಿ ಫೋನಿಗೆ ಸಿಗದವರ ಮನೆಗೆ ಮಾತ್ರ ಅವರನ್ನು ಕಳಿಸುವುದು.

ಆ ಪುಸ್ತಕದಲ್ಲಿ "ಬೀಡಿ, ಸಿಗರೇಟು" ಅಂತ ಒಂದು ಕಾಲಂ ಹಾಕಿದ್ದೆ. ಹೆಂಗಸರ ಸಾಲಿನಲ್ಲೆಲ್ಲ "ಇಲ್ಲ". ಅಜ್ಜಿಯ ಮನೆಗೆ ಹೋದ ಆಶಾ ಅಕ್ಕನೇ ನನಗೆ ತಿಳಿಸಿದ್ದು: "ಅಡುಗೆಗೆ ಗ್ಯಾಸಿದೆ ಡಾಕ್ಟ್ರೇ, ಬಚ್ಚಲ ಒಲೆಗೆ ಇನ್ನೂ ಸೌದೆ, ಅಡಿಕೆ ಸಿಪ್ಪೆ. ಬೆಳಗಿನ ಜಾವ ಊದಿ ಊದಿ ಹೊತ್ತಿಸೋದು ಅಜ್ಜಿನೇ." ಆ ಕಾಲಂ ಹೊಡೆದು ಹಾಕಿ "ಬಚ್ಚಲ ಒಲೆ ಯಾರು ಹಚ್ತಾರೆ?" ಅಂತ ಬರೆದೆ.

ಮುಂದಿನ ಮಳೆಗಾಲದಲ್ಲಿ ಅಜ್ಜಿ ಅಡ್ಮಿಟ್ ಆಗಲಿಲ್ಲ, ಔಷಧಿಗೆ ಬಂದು ಹೋದರು. ಒಲೆ ಬಿಟ್ಟಿರಾ ಅಂದೆ. "ಹೂಂ, ಈಗ ಸೊಸೆ ಹಚ್ತಾಳೆ" ಅಂದರು. ಸೊಸೆಯ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡೆ.