ಮೀಡಿಯಂ ಬದಲಾದಾಗ ಕೋಶಗಳು ಸಾಯಲಿಲ್ಲ

ಲ್ಯಾಬಿನ ಪ್ಲೇಟಿನಲ್ಲಿ ಕಳೆದ ಸಲ ಸತ್ತಿದ್ದಂಥ ಕ್ಯಾನ್ಸರ್ ಕೋಶಗಳು ಈ ಸಲ ಅದೇ ಡೋಸ್‌ಗೆ ಸಾಯಲೇ ಇಲ್ಲ. ಕೊಟ್ಟಿದ್ದು ವಿಟಮಿನ್ ಸಿ, ಜಾಸ್ತಿ ಪ್ರಮಾಣದಲ್ಲಿ.

ಅದು ಆಂಟಿಆಕ್ಸಿಡೆಂಟ್ ಅಲ್ವಾ ಎಂದು ಕೇಳುತ್ತಾರೆ. ನಿಜ. ಆದರೆ ಕೋಶ ಬೆಳೆಸುವ ದ್ರವಕ್ಕೆ, ಅಂದರೆ ಮೀಡಿಯಂಗೆ, ಹೆಚ್ಚು ಹಾಕಿದರೆ ಅದು ಕೋಶಕ್ಕೆ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕ್ಯಾನ್ಸರ್ ಕೋಶದೊಳಗೆ ಪೆರಾಕ್ಸೈಡ್ ಸಾಮಾನ್ಯವಾಗಿ ಮೊದಲೇ ಜಾಸ್ತಿ. ಗ್ಲುಟಾಥಯೋನ್, ಥಯೋರೆಡಾಕ್ಸಿನ್ ಎಂಬ ಎರಡು ಕಾವಲುಗಳಿಂದ ಆ ಕೋಶ ಹೇಗೋ ಉಳಿದಿರುತ್ತದೆ. ಆ ಕಾವಲಿನ ಮೇಲೆ ಹೊರೆ ಹೆಚ್ಚಿಸಬೇಕು ಅನ್ನುವುದು ನಮ್ಮ ಲೆಕ್ಕ.

ಈ ಸಲ ಕೋಶಗಳು ಸಾಯದ ಕಾರಣವನ್ನು ಎರಡು ವಾರ ಹುಡುಕಿದೆ. ಕೊನೆಗೆ ಮೀಡಿಯಂ ಬಾಟಲಿಯ ಲೇಬಲ್ ಓದಿದೆ. ಹೊಸ ಬಾಟಲಿಯಲ್ಲಿ 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್ ಇತ್ತು, ಹಳೆಯದರಲ್ಲಿ ಇರಲಿಲ್ಲ. ಪೈರುವೇಟ್ ಪೆರಾಕ್ಸೈಡನ್ನು ನೇರವಾಗಿ ತಿಂದು ಹಾಕುತ್ತದೆ. ಕೋಶಕ್ಕೆ ಏಟು ತಾಗುವ ಮೊದಲೇ ಎಲ್ಲ ಮುಗಿದಿತ್ತು. ಪೈರುವೇಟ್ ಇಲ್ಲದ ಮೀಡಿಯಂಗೆ ಮರಳಿದೆ, ಕೋಶಗಳು ಮತ್ತೆ ಸತ್ತವು. ಅದಕ್ಕೆ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಎಂಬ ಕಿಣ್ವ ಸೇರಿಸಿದೆ, ಬದುಕಿದವು. ಕೊಲ್ಲುತ್ತಿದ್ದುದು ಪೆರಾಕ್ಸೈಡೇ ಎಂದು ಆಗ ನೆಮ್ಮದಿಯಾಯಿತು.

ಆಮೇಲೆ ಕಾವಲುಗಳ ಮೇಲೇ ಕೈ ಇಟ್ಟೆ. ಬಿಎಸ್‌ಒ ಎಂಬ ಔಷಧ ಗ್ಲುಟಾಥಯೋನ್ ತಯಾರಿಕೆ ನಿಲ್ಲಿಸುತ್ತದೆ. 24 ಗಂಟೆ ಕೊಟ್ಟು ಅಳೆದೆ. ಗ್ಲುಟಾಥಯೋನ್ ಪೂರ್ತಿ ಇಳಿದಿತ್ತು, ಕೋಶಗಳು ಮಾತ್ರ ಆರಾಮಾಗಿದ್ದವು! ಇನ್ನೊಂದು ಕಾವಲು ಹೊರೆ ಹೊತ್ತಿತ್ತು. ಅದನ್ನು ತಡೆಯಲು ಔರಾನೋಫಿನ್ ಸೇರಿಸಿದೆ. ಇದು 1985ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆದ, ಚಿನ್ನ ಇರುವ ಔಷಧ. ಒಂದೊಂದೇ ಕೊಟ್ಟಾಗ ತಡೆದುಕೊಂಡ ಕೋಶಗಳು, ಎರಡೂ ಸೇರಿದಾಗ ಮರುದಿನ ಬೆಳಿಗ್ಗೆ ಪ್ಲೇಟಿನ ತಳ ಬಿಟ್ಟು ತೇಲುತ್ತಿದ್ದವು. ಆ ಬೆಳಿಗ್ಗೆ ನನಗೆ ಇನ್ನೂ ನೆನಪಿದೆ.

ಖಚಿತಪಡಿಸಿಕೊಳ್ಳಲು ಎನ್‌ಎಸಿ ಹಾಕಿದೆ, ಇದು ಕೋಶ ಗ್ಲುಟಾಥಯೋನ್ ಮಾಡಿಕೊಳ್ಳಲು ಬಳಸುವ ಆಂಟಿಆಕ್ಸಿಡೆಂಟ್. ಕೋಶಗಳು ಬದುಕಿದವು. ಕಾವಲು ಮುರಿದದ್ದರಿಂದಲೇ ಕೋಶ ಸತ್ತಿತು ಅನ್ನುವುದಕ್ಕೆ ಎಲ್ಲರೂ ಇದನ್ನೇ ಸಾಕ್ಷಿ ಅನ್ನುತ್ತಾರೆ, ನನಗೆ ಒಪ್ಪಿಗೆಯಾಗಲಿಲ್ಲ. ಬಿಎಸ್‌ಒ ಇರುವಾಗ ಎನ್‌ಎಸಿಯಿಂದ ಹೊಸ ಗ್ಲುಟಾಥಯೋನ್ ಆಗುವಂತಿಲ್ಲ, ಮತ್ತೆ ಉಳಿಸಿದ್ದು ಯಾವುದು? ಎನ್‌ಎಸಿಯಲ್ಲಿರುವ ಗಂಧಕಕ್ಕೆ ಚಿನ್ನ ಸುಲಭವಾಗಿ ಅಂಟಿಕೊಳ್ಳುತ್ತದೆ. ಔಷಧವೇ ಕಟ್ಟಿಹೋಗಿರಬಹುದು. ಈಗ ಎರಡೂ ನೇರವಾಗಿ ಸೇರದಂತೆ ಔರಾನೋಫಿನ್ ಕೊಟ್ಟು, ಚೆನ್ನಾಗಿ ತೊಳೆದು, ಆಮೇಲೆ ಎನ್‌ಎಸಿ ಹಾಕುತ್ತೇನೆ.

ಪಕ್ಕದ ಪ್ಲೇಟಿನಲ್ಲಿ ಆರೋಗ್ಯವಂತ ಕೋಶಗಳನ್ನೂ ಇಡುತ್ತೇನೆ, ತಪ್ಪದೇ. ಅವಕ್ಕೂ ಬೇಕಾದದ್ದು ಇದೇ ಎರಡು ಕಾವಲು. ಡೋಸ್ ಸ್ವಲ್ಪ ಏರಿಸಿದರೆ ಅವೂ ಸಾಯುತ್ತವೆ. ಕ್ಯಾನ್ಸರ್ ಕೋಶ ಸಾಯುವ, ಇವು ಉಳಿಯುವ ಆ ಸಣ್ಣ ಅಂತರವನ್ನೇ ನಾನೀಗ ದಿನಾ ಅಳೆಯುತ್ತಿದ್ದೇನೆ.