ಹಳೆಯ ಕಾರಿನ ಚಾಸಿಯಲ್ಲಿ ಸಸ್ಪೆನ್ಷನ್ ಮೌಂಟ್‌ನ ಬೆಸುಗೆ

ಬ್ಯಾಟರಿಯ ಸಂಪರ್ಕ ಬಿಡಿಸಿ, ಪೆಟ್ರೋಲ್ ಟ್ಯಾಂಕನ್ನೂ ಕೊಳವೆಗಳನ್ನೂ ಕಳಚಿ ದೂರವಿಟ್ಟ ಮೇಲೆ ಚಾಸಿಯನ್ನು (ಕಾರಿನ ಅಡಿಚೌಕಟ್ಟನ್ನು) ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ಸಮತಟ್ಟಾಗಿ ಕೂರಿಸಬೇಕು. ತುಕ್ಕು ಹಿಡಿದ ಮೌಂಟನ್ನು, ಅಂದರೆ ಚಕ್ರಗಳ ಕುಲುಕನ್ನು ತಾಳುವ ಸಸ್ಪೆನ್ಷನ್ ಚಾಸಿಗೆ ಕೂಡುವ ಆಧಾರವನ್ನು, ಕತ್ತರಿಸುವ ಮುನ್ನವೇ ಅದರ ಬೋಲ್ಟ್ ರಂಧ್ರಗಳಿಂದ ಚಾಸಿಯ ಕೆಡದ ಬಿಂದುಗಳಿಗಿರುವ ಅಂತರವನ್ನು ನೇರವಾಗಿಯೂ ಕರ್ಣರೇಖೆಯಲ್ಲಿಯೂ ಅಳೆದು ಬರೆದಿಟ್ಟುಕೊಳ್ಳಬೇಕು. ಕತ್ತರಿಸಿದ ಮೇಲೆ ಈ ಅಳತೆ ಮತ್ತೆ ಸಿಗದು, ಮೌಂಟ್ ಕೆಲವೇ ಮಿಲಿಮೀಟರ್ ಸರಿದರೂ ಚಕ್ರಗಳ ಅಲೈನ್‌ಮೆಂಟ್ ಕೆಡಬಹುದು. ತುಕ್ಕಿನ ಮೇಲೆ ತೇಪೆ ಹಚ್ಚುವುದನ್ನು ದುರಸ್ತಿಯೆಂದು ನಾನಂತೂ ಒಪ್ಪುವುದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಂಚುಗಳನ್ನು ಹೊಳೆಯುವಂತೆ ಉಜ್ಜಿ, ಮೂಲದಷ್ಟೇ ದಪ್ಪದ ಉಕ್ಕಿನ ತುಂಡನ್ನು ಹೊಂದಿಸಬೇಕು. ಮೊದಲು ಟ್ಯಾಕ್ ವೆಲ್ಡ್ (ತುಂಡನ್ನು ಜಾಗದಲ್ಲಿ ಹಿಡಿದಿಡುವ ಪುಟ್ಟ ಬೆಸುಗೆ) ಮಾತ್ರ ಹಾಕಿ ಅಳತೆಗಳನ್ನು ಮತ್ತೆ ನೋಡಿ, ಬಳಿಕ 20ರಿಂದ 30 ಮಿಲಿಮೀಟರ್ ಉದ್ದದ ಬೆಸುಗೆಗಳನ್ನು ಎದುರುಬದುರು ಬದಿಗಳಲ್ಲಿ, ನಡುನಡುವೆ ತಾನಾಗಿ ತಣಿಯಲು ಬಿಡುತ್ತಾ ಹಾಕಿದರೆ ಚಾಸಿ ಸೊಟ್ಟಗಾಗುವುದು ಕಡಿಮೆಯಾಗುತ್ತದೆ. ಕೊನೆಗೆ ಹೊರಗೆ ಪ್ರೈಮರ್ ಬಳಿದು, ಒಳಟೊಳ್ಳಿಗೆ ಮೇಣದ ಲೇಪ ಸಿಂಪಡಿಸಬೇಕು.