ಅಡಿಕೆ ಮನೆಗೆ ಇನ್ನೂರು ರೂಪಾಯಿಯ ಅಲಾರಾಂ: ನನ್ನ ಅನುಭವ

ಹಳೇ ಹೆಂಚಿನ ಮನೆಗೆ, ಬಾಗಿಲು ತೆರೆದರೆ ಕೂಗುವ, ಸೆಲ್ಲು ಹಾಕುವ ಡಬ್ಬಿ ಅಲಾರಾಂ ಪ್ರಯೋಜನಕ್ಕೆ ಬರೋದಿಲ್ಲ ಅಂತ ನನಗೆ ಹೇಳದವರಿಲ್ಲ. ಕ್ಯಾಮೆರಾ ಹಾಕುವ ಹುಡುಗ ಹೇಳಿದ, ಎಲೆಕ್ಟ್ರಿಕಲ್ ಅಂಗಡಿಯವರು ಹೇಳಿದರು. ನಮ್ಮ ಭಾವನಂತೂ ಊಟಕ್ಕೆ ಕೂತಾಗಲೆಲ್ಲ ಹೇಳಿದ: "ಒಂದು ನಾಯಿ ಸಾಕು ಮಾರಾಯ." ನಾಯಿ ಇತ್ತು. ಚಿರತೆ ಹೊತ್ತುಕೊಂಡು ಹೋಯಿತು. ಕೋವಿಯೂ ಇದೆ. ಚುನಾವಣೆ ಬಂತು ಅಂದರೆ ಅದು ಠಾಣೆಯಲ್ಲಿ ಕೂತಿರುತ್ತದೆ. ಈಗ ಒಂದೆರಡು ಮಳೆಗಾಲ ದಾಟಿದೆ, ಡಬ್ಬಿಗಳು ಇನ್ನೂ ಕೂಗುತ್ತಿವೆ. ಹೋದ ಸೀಸನ್ನಿನಲ್ಲಿ ಒಮ್ಮೆ ನಿಜವಾಗಿ ಕೂಗಿ ಅಡಿಕೆಯನ್ನೂ ಉಳಿಸಿಕೊಟ್ಟವು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆ. ಮನೆ ಒಂದು ಕಡೆ, ಅಡಿಕೆ ಇಡುವ ಕೋಣೆ ಅಂಗಳದ ಆಚೆ, ಕೊಟ್ಟಿಗೆ ಇನ್ನೊಂದು ಕಡೆ. ಹತ್ತಿರದ ಮನೆಗೆ ಕೂಗಿದರೆ ಕೇಳೋದಿಲ್ಲ. ಧಾರಣೆ ಏರಲಿ ಅಂತ ರಾಶಿ ಎಂಬ ಬಗೆಯ ಕೆಂಪಡಿಕೆ ಚೀಲ ತುಂಬಿಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವವರು ನಾವು. ಕ್ವಿಂಟಾಲಿಗೆ ಐವತ್ತು ಸಾವಿರದ ಆಚೀಚೆ ಅಂದರೆ, ಇಬ್ಬರು ಗಟ್ಟಿ ಆಳು ಅರ್ಧ ಗಂಟೆಯಲ್ಲಿ ಎಷ್ಟು ಹೊರಬಹುದು ಅಂತ ನೀವೇ ಲೆಕ್ಕ ಹಾಕಿ.

ಮೊದಲು ದುಡ್ಡು ಸುರಿದದ್ದು ವೈರ್ ಎಳೆದ ಅಲಾರಾಂ ಪ್ಯಾನಲ್ಲಿಗೆ. ನಾಲ್ಕು ಝೋನ್ (ನಾಲ್ಕು ಕಡೆಗೆ ಬೇರೆ ಬೇರೆ ಕಾವಲು), 12 ವೋಲ್ಟಿನ ಬ್ಯಾಟರಿ, ಜೋರಾಗಿ ಕೂಗುವ ಹೂಟರ್ ಎಲ್ಲ ಸೇರಿ ಏಳು ಸಾವಿರದ ಹತ್ತಿರ. ಚೆನ್ನಾಗಿಯೇ ಇತ್ತು, ಏಪ್ರಿಲ್ ಕೊನೆಯ ಗುಡುಗಿನ ಮಳೆ ಬರುವ ತನಕ. ಅಡಿಕೆ ಕೋಣೆಗೆ ಹೋದ ವೈರು ಅರವತ್ತು ಮೀಟರ್ ಇದ್ದಿರಬೇಕು. ವೈರು ಉದ್ದ ಆದಷ್ಟೂ ಸಿಡಿಲಿಗೆ ದಾರಿ ಸುಲಭ, ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಡೆಮ್ಮಿನ ಜೊತೆ ಪ್ಯಾನಲ್ಲೂ ಹೋಯಿತು. ಆಮೇಲೆ ವೈಫೈ ಕ್ಯಾಮೆರಾ, ಎರಡೂವರೆ ಸಾವಿರ. ಜುಲೈಯಲ್ಲಿ ಕರೆಂಟು ಹೋದರೆ ಮೂರು ನಾಲ್ಕು ದಿನ ಬರೋದಿಲ್ಲ, ಟವರಿನ ಡೀಸೆಲ್ ಮುಗಿದರೆ ಫೋನೂ ಸತ್ತಂತೆ. ಅಂಥ ಹೊತ್ತಿನಲ್ಲಿ ಸಿಮ್ ಹಾಕಿದ, ತಾನೇ ಫೋನ್ ಮಾಡುವ ಡಯಲರ್ ಯಾರಿಗೆ ಕರೆ ಮಾಡಬೇಕು? ಕ್ಯಾಮೆರಾ ಸರಿಯಿದ್ದ ದಿನವೂ ಬೆಳಿಗ್ಗೆ ಎದ್ದು ಕಳ್ಳನ ಬೆನ್ನು ನೋಡಬಹುದು, ಅಷ್ಟೇ.

ವೈರಿಲ್ಲ, ಕರೆಂಟು ಬೇಡ, ನೆಟ್‌ವರ್ಕ್ ಬೇಡ ಅಂದರೆ ಉಳಿಯುವುದು ಆ ಡಬ್ಬಿ. ಮೂರು ಎಲ್‌ಆರ್44 ಗುಂಡಿ ಸೆಲ್ಲು, ಒಂದು ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೂಡುವ ಗಾಜಿನ ಸ್ವಿಚ್ಚು), ಸದ್ದು ಮಾಡುವ ಒಂದು ಪೀಜೋ, ಪಕ್ಕದಲ್ಲಿ ಒಂದು ಆಯಸ್ಕಾಂತ. ಬಾಗಿಲು ತೆರೆದು ಆಯಸ್ಕಾಂತ ದೂರವಾದರೆ ಡಬ್ಬಿ ಕೂಗುತ್ತದೆ. ಒಂದಕ್ಕೆ ಇನ್ನೂರು ರೂಪಾಯಿ, ನಾಲ್ಕರ ಸೆಟ್ ತಗೊಂಡರೆ ಇನ್ನೂ ಕಡಿಮೆ. ಎಂಟು ತರಿಸಿದೆ.

ಪೆಟ್ಟಿಗೆಯಿಂದ ತೆಗೆದು ಅಂಟಿಸಿದರೆ ಮಾತ್ರ ನಮ್ಮಲ್ಲಿ ಇದು ಒಂದು ತಿಂಗಳೂ ಬಾಳೋದಿಲ್ಲ. ಅಂಟು ಟೇಪು ಮಳೆಗಾಲದ ತೇವಕ್ಕೆ ಕಳಚಿತು. ಸ್ಕ್ರೂ ಕೂರಿಸಲು ಜಾಗ ಇಲ್ಲದ ಕಡೆ ಎಂ-ಸೀಲ್ ಹಾಕಿದೆ, ಅದು ನಿಂತಿದೆ. ಸೆಲ್ಲಿನ ಪಟ್ಟಿಗೆ ಕಿಲುಬು ಹಿಡಿಯಿತು, ಸ್ವಲ್ಪ ವ್ಯಾಸಲೀನ್ ಸವರಿದ ಮೇಲೆ ನಿಂತಿತು. ಒಳಗಿನ ಸರ್ಕ್ಯೂಟ್ ಬೋರ್ಡಿಗೆ ತೇವ ತಾಗದಂತೆ ಎರಡು ಕೋಟು ಉಗುರು ಬಣ್ಣ ಬಳಿದೆ. ಆನ್-ಆಫ್ ಮಾಡುವ ಸ್ಲೈಡ್ ಸ್ವಿಚ್ಚಿನ ಒಳಗೆ ಅದು ಇಳಿಯದಂತೆ ನೋಡಿಕೊಳ್ಳಿ. ಮಗಳ ಗುಲಾಬಿ ಬಣ್ಣದ ಬಾಟಲಿ ಅರ್ಧ ಖಾಲಿಯಾದದ್ದಕ್ಕೆ ಮನೆಯಲ್ಲಿ ವಿಚಾರಣೆಯೂ ನಡೆಯಿತು. ಇನ್ನು ಕುಂಬಾರ ಹುಳ. ಪೀಜೋ ಮುಂದಿನ ಸಣ್ಣ ತೂತುಗಳನ್ನು ನೋಡಿದ ತಕ್ಷಣ ಅದಕ್ಕೆ ಮನೆ ಕಟ್ಟುವ ಆಸೆ. ಒಂದು ಡಬ್ಬಿ ಗಂಟಲಿಗೆ ಮಣ್ಣು ಮೆತ್ತಿಕೊಂಡು ಗೊಗ್ಗರು ದನಿಯಲ್ಲಿ ನರಳುತ್ತಿತ್ತು. ಬಿಚ್ಚಿದರೆ ಒಳಗೆ ಅಚ್ಚುಕಟ್ಟಾಗಿ ಮಣ್ಣು, ಅದರೊಳಗೆ ಸಾಲಾಗಿ ಜೋಡಿಸಿಟ್ಟ ಸಣ್ಣ ಜೇಡಗಳು. ಈಗ ಎಲ್ಲ ಡಬ್ಬಿಗೂ ಸೊಳ್ಳೆ ಜಾಲರಿಯ ತುಂಡು ಅಂಟಿಸಿದ್ದೇನೆ.

ನಿಜವಾದ ತಲೆನೋವು ಜೋಡಿ ಕದದ ಬಾಗಿಲು. ಬೇಸಿಗೆಯಲ್ಲಿ ಮರ ಒಣಗಿ ಗಾಳಿಗೆ ಅಲ್ಲಾಡುತ್ತದೆ, ಮಳೆಗಾಲದಲ್ಲಿ ಊದಿಕೊಂಡು ಪೂರ್ತಿ ಮುಚ್ಚೋದೇ ಇಲ್ಲ. ಡಬ್ಬಿಯ ಜೊತೆ ಬರುವ ಆಯಸ್ಕಾಂತ ಒಂದೂವರೆ ಸೆಂಟಿಮೀಟರ್ ದೂರ ತಡೆದರೆ ಹೆಚ್ಚು. ರಾತ್ರಿ ಎರಡು ಗಂಟೆಗೆ ಗಾಳಿ ಬೀಸಿದಾಗ ಡಬ್ಬಿ ಕಿರುಚುವುದು, ಅಪ್ಪಯ್ಯ ಟಾರ್ಚು ಹಿಡಿದು ಏಳುವುದು, ಸುಮಾರು ದಿನ ಇದೇ ಆಯಿತು. ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಅದರ ಆಯಸ್ಕಾಂತ ಕೂರಿಸಿದೆ. ಕಿರುಚಾಟ ನಿಂತಿತು. ಆದರೆ ಬಾಗಿಲು ನಾಲ್ಕು ಬೆರಳು ತೆರೆದರೂ ಡಬ್ಬಿಗೆ ಗೊತ್ತಾಗುತ್ತಿರಲಿಲ್ಲ. ಅಷ್ಟು ಸಂದು ಸಿಕ್ಕರೆ ಕೈ ಹಾಕಿ ಡಬ್ಬಿಯನ್ನೇ ಕಿತ್ತುಕೊಳ್ಳಬಹುದು. ಕೊನೆಗೆ ಸಣ್ಣ ನಿಯೋಡಿಮಿಯಂ ಆಯಸ್ಕಾಂತದ ಬಿಲ್ಲೆ ಎರಡನ್ನು ಒಂದರ ಮೇಲೊಂದು ಇಟ್ಟಾಗ ಹದ ಸಿಕ್ಕಿತು. ನನ್ನ ಪರೀಕ್ಷೆ ಇಷ್ಟೇ: ಬೆಂಕಿಪೊಟ್ಟಣ ಮಲಗಿಸಿ ಸಂದಿಗೆ ಸಿಕ್ಕಿಸಿದರೆ ಸುಮ್ಮನಿರಬೇಕು, ನಿಲ್ಲಿಸಿ ಸಿಕ್ಕಿಸಿದರೆ ಕೂಗಬೇಕು.

ಅಡಿಕೆ ಕೋಣೆಯದು ಕಬ್ಬಿಣದ ಶೀಟಿನ ಬಾಗಿಲು. ಕಬ್ಬಿಣ ಆಯಸ್ಕಾಂತದ ಬಲವನ್ನು ತಾನೇ ಎಳೆದುಕೊಳ್ಳುವುದರಿಂದ ರೀಡ್ ಸ್ವಿಚ್ಚಿಗೆ ಅರ್ಧವೂ ತಲುಪೋದಿಲ್ಲ. ಡಬ್ಬಿ, ಆಯಸ್ಕಾಂತ ಎರಡರ ಹಿಂದೆಯೂ ಬೆರಳು ದಪ್ಪದ ಮರದ ತುಂಡು ಕೊಟ್ಟೆ, ಸರಿಹೋಯಿತು. ಅಲ್ಯೂಮಿನಿಯಂ ಕಿಟಕಿಗೆ ಈ ತಾಪತ್ರಯ ಇಲ್ಲ, ನೇರ ಅಂಟಿಸಿ.

ಸದ್ದಿನ ವಿಷಯ. ಪೆಟ್ಟಿಗೆ ಮೇಲೆ 120 ಡೆಸಿಬೆಲ್ ಅಂತ ಇತ್ತು, ಫೋನಿನ ಆಪ್ ಹಿಡಿದರೆ ಹತ್ತಿರದಲ್ಲೇ ತೊಂಬತ್ತರ ಆಸುಪಾಸು. ಮನೆಯೊಳಗೆ ಧಾರಾಳ. ಆದರೆ ಆಗಸ್ಟಿನ ಮಳೆ ತಗಡಿನ ಮಾಡಿನ ಮೇಲೆ ಬೀಳುವಾಗ ಅಡಿಕೆ ಕೋಣೆಯ ಡಬ್ಬಿ ನಮ್ಮ ಮಲಗುವ ಕೋಣೆಗೆ ಕೇಳಲೇ ಇಲ್ಲ. ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ವೈರ್‌ಲೆಸ್ ಕಾಲಿಂಗ್ ಬೆಲ್. ಮುನ್ನೂರೈವತ್ತು ರೂಪಾಯಿಯದು. ಬೆಲ್ಲು ಮನೆಯೊಳಗೆ, ಅದನ್ನು ಕೂಗಿಸುವ ರಿಮೋಟು ಅಡಿಕೆ ಕೋಣೆಯ ಬಾಗಿಲಲ್ಲಿ. ರಿಮೋಟಿನ ಒತ್ತುವ ಗುಂಡಿಯ ಜಾಗಕ್ಕೆ ಮೂರು ವೈರಿನ ರೀಡ್ ಸ್ವಿಚ್ ಬೆಸುಗೆ ಹಾಕಿದೆ. ಬಾಗಿಲು ತೆರೆದಾಗ ಕೂಡುವ ಜೋಡಿಯನ್ನೇ ಆರಿಸಿ, ಎರಡು ವೈರಿನದು ಬಾಗಿಲು ಮುಚ್ಚಿದಾಗ ಕೂಡುವುದರಿಂದ ಇಲ್ಲಿ ಉಲ್ಟಾ ಆಗುತ್ತದೆ. ಮೂರು ವೈರಿನದು ಶಿವಮೊಗ್ಗದಲ್ಲಿ ಸಿಗಲಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಮ್ಮ ತಂದುಕೊಟ್ಟ.

ಹಗಲು ಬಾಗಿಲು ತೆರೆದಿಟ್ಟರೆ ರಿಮೋಟಿನ 12 ವೋಲ್ಟಿನ ಸಣ್ಣ ಸೆಲ್ಲು ಸಂಜೆಯೊಳಗೆ ಖಾಲಿ. ಅದಕ್ಕೆ ಕರೆಂಟು ಹೋಗುವ ದಾರಿಯಲ್ಲೇ ಒಂದು ಕೆಪಾಸಿಟರ್ (ಸ್ವಲ್ಪ ಕರೆಂಟು ತುಂಬಿಕೊಳ್ಳುವ ಬಿಡಿಭಾಗ) ಕೊಟ್ಟೆ, ಸಾವಿರದಿಂದ ಎರಡು ಸಾವಿರ ಮೈಕ್ರೋಫ್ಯಾರಡ್. ತುಂಬುವಷ್ಟು ಹೊತ್ತು ಮಾತ್ರ ರಿಮೋಟಿಗೆ ಕರೆಂಟು, ಆಮೇಲೆ ನಿಲ್ಲುತ್ತದೆ. ಗುಂಡಿ ಒತ್ತಿದಾಗಲೇ ಕರೆಂಟು ಹೋಗುವ ಸಾದಾ ರಿಮೋಟಿಗೆ ಮಾತ್ರ ಇದು ನಡೆಯುತ್ತದೆ. ಬಾಗಿಲು ಮುಚ್ಚಿದ ಮೇಲೆ ಕೆಪಾಸಿಟರನ್ನು ಮುಂದಿನ ಸಲಕ್ಕೆ ಖಾಲಿ ಮಾಡಲು ಒಂದು ರೆಸಿಸ್ಟರ್ ಬೇಕು. ಎಷ್ಟು ಓಮಿನದು ಅಂತ ಹೇಳೋದಿಲ್ಲ, ಅದಕ್ಕಾಗಿ ನಾನು ಸಾಕಷ್ಟು ಸಂಜೆ ಕಳೆದಿದ್ದೇನೆ. ಬೆಲ್ಲಿನ ಪೆಟ್ಟಿಗೆಯಲ್ಲಿ ನೂರು ಮೀಟರ್ ಅಂತ ಇದ್ದರೂ ನಮ್ಮ ಜಂಬಿಟ್ಟಿಗೆ ಗೋಡೆ ದಾಟಿ ಇಪ್ಪತ್ತೈದು ಮೀಟರ್ ಬಂದರೆ ಪುಣ್ಯ. ಮನೆಯೊಳಗಿನ ಬೆಲ್ಲು ಪ್ಲಗ್ಗಿಗೆ ಸಿಕ್ಕಿಸುವುದಾಗಿರಬಾರದು, ಸೆಲ್ಲಿನದೇ ಆಗಿರಬೇಕು. ಮತ್ತೆ, ಹಕ್ಕಿ ಕೂಗುವ ಬೆಲ್ ತರಬೇಡಿ. ಬೆಳಗಿನ ಜಾವ ಯಾವುದು ಬೆಲ್ಲು, ಯಾವುದು ಮಡಿವಾಳ ಹಕ್ಕಿ ಗೊತ್ತಾಗೋದಿಲ್ಲ.

ಸೆಲ್ಲಿನ ಖರ್ಚೂ ಇದೆ. ಗುಂಡಿ ಸೆಲ್ಲು ಹತ್ತು ಹದಿನೈದು ರೂಪಾಯಿ ನಿಜ, ಆದರೆ ಎಂಟು ಡಬ್ಬಿಗೆ ಮೂರರಂತೆ ಲೆಕ್ಕ ಹಾಕಿದರೆ ಕೈ ಕಚ್ಚುತ್ತದೆ. ಎರಡು ನಿಮಿಷ ಕೂಗಿದರೆ ಶಕ್ತಿಯೂ ಕುಗ್ಗುತ್ತದೆ. ಹೊರಗಿನ ಬಾಗಿಲಿನವಕ್ಕೆಲ್ಲ ಮೂರು ಎಎಎ ಸೆಲ್ಲಿನ ಹೋಲ್ಡರ್ ಹೊರಗಿನಿಂದ ಕೊಟ್ಟಿದ್ದೇನೆ. ವೋಲ್ಟೇಜು ಅದೇ ನಾಲ್ಕೂವರೆ, ಬಾಳಿಕೆ ಎಷ್ಟೋ ಪಟ್ಟು ಜಾಸ್ತಿ. ಪ್ರತಿ ದೀಪಾವಳಿಗೆ ಬದಲಾಯಿಸುತ್ತೇನೆ. ಇಳಿಸಿದ ಸೆಲ್ಲು ಗೋಡೆ ಗಡಿಯಾರಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಎದುರಾಳಿ ಅಮ್ಮ. ಐದು ಗಂಟೆಗೆ ಹಿತ್ತಲ ಬಾಗಿಲು ತೆಗೆದು ಕೊಟ್ಟಿಗೆಗೆ ಹೋಗಬೇಕು. ಡಬ್ಬಿಯ ಸ್ವಿಚ್ಚು ಬಾಗಿಲ ತಲೆಯಲ್ಲಿ, ಅವರಿಗೆ ಎಟುಕೋದಿಲ್ಲ. ಕೆಲವು ದಿನ ಊರೆಲ್ಲ ಎಬ್ಬಿಸಿದ ಮೇಲೆ ಒಂದು ದಿನ ಡಬ್ಬಿ ಸುಮ್ಮನಾಯಿತು. ಏನಾಯಿತು ಅಂತ ನೋಡಿದರೆ ಸೆಲ್ಲೇ ಇಲ್ಲ. ಆಳಿನ ಹತ್ತಿರ ಕೀಳಿಸಿ ಸಾಸಿವೆ ಡಬ್ಬದಲ್ಲಿ ಹಾಕಿಟ್ಟಿದ್ದರು. "ಕಳ್ಳ ಬಂದಾಗ ಹಾಕಿದ್ರಾಯ್ತು" ಅಂದರು. ಮೂಲ ರೀಡ್ ಸ್ವಿಚ್ಚಿಗೆ ಸಮಾನಾಂತರವಾಗಿ ಇನ್ನೊಂದು ರೀಡ್ ಕೊಟ್ಟು ಗೋಡೆಯ ಮರದೊಳಗೆ ಹುದುಗಿಸಿದೆ. ರೀಡಿನ ತಂತಿ ಕಾಲು ಬಗ್ಗಿಸುವಾಗ ಇಕ್ಕಳದಲ್ಲಿ ಹಿಡಿಯದಿದ್ದರೆ ಗಾಜು ಒಡೆಯುತ್ತದೆ, ನೆನಪಿರಲಿ. ಅಡುಗೆ ಮನೆಯ ಒಂದು ಸಾಮಾನಿಗೆ ಆಯಸ್ಕಾಂತ ಅಂಟಿಸಿ ಕೊಟ್ಟಿದ್ದೇನೆ. ಅದನ್ನು ಆ ಜಾಗಕ್ಕೆ ನೇತುಹಾಕಿ ಬಾಗಿಲು ತೆರೆದರೆ ಡಬ್ಬಿ ತೆಪ್ಪಗಿರುತ್ತದೆ. ಯಾವ ಸಾಮಾನು, ಯಾವ ಜಾಗ ಅಂತ ಇಲ್ಲಿ ಬರೆಯೋದಿಲ್ಲ, ಅಲ್ವಾ?

ಹೆಂಚಿನ ಮನೆ ಅಂದ ಮೇಲೆ ಬಾಗಿಲಿಗಷ್ಟೇ ಕಾವಲು ಸಾಲದು, ಹೆಂಚು ಸರಿಸಿಯೂ ಇಳಿಯುತ್ತಾರೆ. ಕೈಚೀಲಕ್ಕೆ ಸಿಕ್ಕಿಸಿಕೊಳ್ಳುವ ಪಿನ್ ಎಳೆದರೆ ಕೂಗುವ ಅಲಾರಾಂ ಬರುತ್ತದಲ್ಲ, ನೂರೈವತ್ತರದು, ಅದನ್ನು ಅಟ್ಟದ ತೊಲೆಗೆ ಕಟ್ಟಿ ಪಿನ್ನಿಗೆ ಗಾಳದ ನೈಲಾನ್ ದಾರ ಕಟ್ಟಿ ಅಡ್ಡ ಎಳೆದೆ. ಮೊದಲ ವಾರ ಬೆಕ್ಕು, ಆಮೇಲೆ ಇಲಿ. ದಾರ ಸೊಂಟದ ಎತ್ತರಕ್ಕೆ ಏರಿಸಿದ ಮೇಲೆ ಅವೆರಡೂ ನಿಂತವು. ಅದೇ ಉಪಾಯವನ್ನು ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಸುತ್ತಲೂ ಮಾಡಿದೆ, ನಡೆಯುತ್ತದೆ. ಮಂಗಗಳನ್ನು ಓಡಿಸಲು ಅದನ್ನೇ ಬಳಸಿದೆ. ವಾರದೊಳಗೆ ಅವಕ್ಕೆ ಅಭ್ಯಾಸವಾಗಿ, ಕೂಗುವಾಗಲೂ ಹೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದವು. ಬಿಸಿ ಮೈ ಅಲ್ಲಾಡಿದರೆ ಪತ್ತೆ ಹಚ್ಚುವ ಪಿಐಆರ್ ಸೆನ್ಸರನ್ನು ಹೊರಗೆ ಹಾಕಲೇಬೇಡಿ. ಬಾವಲಿ, ಮೊಲ, ದನ, ಬಿಸಿಲು ಬಿದ್ದ ಸೋಗೆ ಎಲ್ಲವೂ ಅದಕ್ಕೆ ಕಳ್ಳನೇ.

ಕೋಳಿಗೂಡಿನ ಬಾಗಿಲಿಗೂ ಒಂದು ಹಾಕಿ ನೋಡಿದೆ. ಕಬ್ಬೆಕ್ಕು ಬಾಗಿಲಿನಿಂದ ಬರೋದಿಲ್ಲ ಅಂತ ಗೊತ್ತಾಯಿತು. ನೀರಿನ ಟ್ಯಾಂಕಿಗೆ ಅದೇ ಡಬ್ಬಿ, ತೇಲುವ ಥರ್ಮಾಕೋಲಿಗೆ ಆಯಸ್ಕಾಂತ. ಅದು ಬಹಳ ಚೆನ್ನಾಗಿದೆ, ಆದರೆ ಅದು ಬೇರೆ ಕಥೆ.

ಹೋದ ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡೂವರೆ ಸುಮಾರಿಗೆ ಅಡಿಕೆ ಕೋಣೆಯ ಡಬ್ಬಿ, ಅದರ ಹಿಂದೆಯೇ ಮನೆಯೊಳಗಿನ ಬೆಲ್ಲು ಕೂಗಿತು. ಗಾಳಿ ಇರಲಿಲ್ಲ. ಲೈಟು ಹಾಕಿ, ಕೂಗಾಡಿ, ಒಟ್ಟಿಗೇ ಹೊರಬಂದೆವು. ತೋಟದ ಕಡೆ ಓಡಿದ ಸದ್ದು ಕೇಳಿಸಿತು, ಮುಖ ಕಾಣಲಿಲ್ಲ. ಚಿಲಕದ ನಾಲ್ಕು ಸ್ಕ್ರೂ ಬಿಚ್ಚಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಬೀಗ ಮುಟ್ಟಿಯೇ ಇರಲಿಲ್ಲ. ಬಾಗಿಲು ಒಂದು ಗೇಣು ತೆರೆದಿತ್ತು. ಹೊರಗೆ ಮಡಚಿದ ಖಾಲಿ ಚೀಲಗಳ ಕಟ್ಟು. 112ಕ್ಕೆ ಫೋನ್ ಮಾಡಿದೆವು, ಬಂದು ನೋಡಿಕೊಂಡು ಹೋದರು. ಚಿಲಕಕ್ಕೆ ಈಗ ಸ್ಕ್ರೂ ಬದಲು ಆರುಪಾರು ಬೋಲ್ಟು ಹಾಕಿ, ಒಳಗಿನಿಂದ ನಟ್ಟು ಬಿಗಿದಿದ್ದೇನೆ. ಅದಕ್ಕೆ ಎಂಬತ್ತು ರೂಪಾಯಿ ಆಯಿತು. ಸುಟ್ಟುಹೋದ ಪ್ಯಾನಲ್ಲು, ಕ್ಯಾಮೆರಾ ಎರಡನ್ನೂ ಬಿಟ್ಟು ಲೆಕ್ಕ ಹಾಕಿದರೆ ಇಡೀ ಏರ್ಪಾಡಿಗೆ ಮೂರೂವರೆ ಸಾವಿರದೊಳಗೆ ಮುಗಿದಿದೆ.

ಈಗ ತಲೆ ತಿನ್ನುತ್ತಿರುವುದು ಹೊಳೆ ಬದಿಯ ಪಂಪ್‌ಸೆಟ್ಟಿನ ತಾಮ್ರದ ಕೇಬಲ್. ಅದರ ಜೊತೆಗೇ ಒಂದು ತೆಳು ವೈರು ಎಳೆದು, ಕತ್ತರಿಸಿದರೆ ಕೂಗುವಂತೆ ಮಾಡಬಹುದು. ಆದರೆ ಮತ್ತೆ ಉದ್ದ ವೈರು, ಮತ್ತೆ ಸಿಡಿಲು, ಜೊತೆಗೆ ಮನೆಯಿಂದ ಮುನ್ನೂರು ಮೀಟರ್ ದೂರ. ಬೆಲ್ಲಿನ ರಿಮೋಟು ಅಲ್ಲಿಂದ ತಲುಪೋದಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿದ್ದರೆ, ಮೇ ತಿಂಗಳು ದಾಟಿದೆಯಾ ಅಂತ ಮೊದಲು ಹೇಳಿ.